ಹೊಸ ಬ್ರೇಕ್ ಸಾಮಾನು: ಪೊಟ್ಟಣ ಬಿಚ್ಚಿದ ಮೇಲೆ, ಗಾಡಿಗೆ ಏರಿಸುವ ಮೊದಲು

ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ತಾಲ್ಲೂಕು ಬಸ್ ಸ್ಟ್ಯಾಂಡಿನ ಹಿಂದಿರುವ ಸ್ಪೇರ್ ಪಾರ್ಟ್ಸ್ ಅಂಗಡಿಯಾಗಲಿ, ಕೌಂಟರಿನಲ್ಲಿ ಕೇಳುವ ಮಾತು ಒಂದೇ: ಫಿಟ್ ಮಾಡಿದ ಮಾಲು ವಾಪಸ್ ಇಲ್ಲ. ಅಂಗಡಿಯವರ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಒಮ್ಮೆ ಡಿಸ್ಕಿಗೆ ಉಜ್ಜಿದ ಪ್ಯಾಡನ್ನು, ಬ್ರೇಕ್ ಆಯಿಲ್ ಒಳಹೊಕ್ಕ ಸಿಲಿಂಡರನ್ನು ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಹಾಗಾಗಿ ಹೊಸ ಭಾಗವನ್ನು ಪರೀಕ್ಷಿಸಲು ಸಿಗುವುದು ಪೊಟ್ಟಣ ಬಿಚ್ಚಿದ ಮೇಲೆ ಪಾನಾ ಕೈಗೆತ್ತಿಕೊಳ್ಳುವ ಮೊದಲಿನ ಅರ್ಧ ಗಂಟೆ ಮಾತ್ರ.

ಆ ಅರ್ಧ ಗಂಟೆಯನ್ನು ಹೆಚ್ಚಿನವರು ಉಳಿಸಿಬಿಡುತ್ತಾರೆ. ಹೊಸ ಸಾಮಾನು, ಕಂಪನಿ ಪೊಟ್ಟಣ, ನೋಡುವುದೇನಿದೆ ಎಂಬ ಧೈರ್ಯ. ತಯಾರಿಕೆಯ ದೋಷ ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚು ಕಾಡುವುದು ಸಣ್ಣ ಎಡವಟ್ಟುಗಳು: ಅದೇ ಕಾರಿನ ಬೇರೆ ವೇರಿಯಂಟಿನ ಪ್ಯಾಡ್ ಬಂದಿರುವುದು, ಎಡಗಡೆಯ ಭಾಗ ಎರಡು ಬಂದು ಬಲಗಡೆಯದೇ ಇಲ್ಲದಿರುವುದು, ಸಾಗಣೆಯಲ್ಲಿ ಬಿದ್ದು ಡಿಸ್ಕಿನ ಅಂಚು ಮುಕ್ಕಾಗಿರುವುದು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಸಾಮಾನ್ಯ ಸಣ್ಣ ಕಾರನ್ನು ಇಟ್ಟುಕೊಂಡು ಒಂದೊಂದಾಗಿ ನೋಡೋಣ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡುಗಳು ಎರಡೂ ಕಡೆಯಿಂದ ಅದುಮಿ ನಿಲ್ಲಿಸುತ್ತವೆ, ಡ್ರಮ್ಮನ್ನು ಶೂಗಳು ಒಳಗಿನಿಂದ ಒತ್ತಿ ನಿಲ್ಲಿಸುತ್ತವೆ.

ಮೊದಲು ಪೊಟ್ಟಣ. ಕಾರಿನ ಹೆಸರು ಹೇಳಿ ಭಾಗ ಕೊಳ್ಳಬೇಡಿ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಪೊಟ್ಟಣದ ಮೇಲಿನ ನಂಬರಿಗೆ ಕೊನೆಯ ಅಕ್ಷರದವರೆಗೂ ತಾಳೆ ನೋಡಿ. ಒಂದೇ ಮಾಡೆಲ್ ಕಾರಿಗೆ ವರ್ಷ, ಎಂಜಿನ್, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದೆಯೋ ಇಲ್ಲವೋ ಎಂಬುದರ ಮೇಲೆ ಎರಡು ಮೂರು ಬಗೆಯ ಬ್ರೇಕ್ ಇರುವುದುಂಟು. ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ತಿಂಗಳು ಮತ್ತು ವರ್ಷ, ಎಂಆರ್‌ಪಿ, ಗ್ರಾಹಕರು ದೂರಲು ಸಂಪರ್ಕ, ಇಷ್ಟನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂದು 2011ರ ಪೊಟ್ಟಣ ಸರಕು ನಿಯಮಗಳೇ ಹೇಳುತ್ತವೆ. ಇವುಗಳಲ್ಲಿ ಒಂದು ಇಲ್ಲವಾದರೂ, ಕಂಪನಿಯ ಹೆಸರಿನ ಕಾಗುಣಿತ ತಪ್ಪಿದ್ದರೂ, ಒಂದೇ ಸೆಟ್ಟಿನ ನಾಲ್ಕು ಪ್ಯಾಡುಗಳ ಬ್ಯಾಚ್ ನಂಬರ್ ಬೇರೆ ಬೇರೆ ಇದ್ದರೂ ಅಲ್ಲೇ ಹಿಂದಿರುಗಿಸಿ. ಹೊಲೊಗ್ರಾಮ್ ಒಂದನ್ನೇ ನೆಚ್ಚಬೇಡಿ. ಪ್ಯಾಡನ್ನೇ ನಕಲು ಮಾಡಬಲ್ಲವರಿಗೆ ಸ್ಟಿಕರ್ ದೊಡ್ಡ ಮಾತಲ್ಲ.

ಬಿಚ್ಚಿದ ಹಳೆಯ ಭಾಗವನ್ನು ಕೆಲಸ ಮುಗಿಯುವವರೆಗೆ ಗುಜರಿಗೆ ಹಾಕಬೇಡಿ. ಹೊಸದರ ಪಕ್ಕ ಹಳೆಯದನ್ನಿಟ್ಟು ನೋಡುವುದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಒಂದು ಎಚ್ಚರಿಕೆ: ಹಿಂದಿನ ಸಲ ಯಾರಾದರೂ ತಪ್ಪು ಭಾಗ ಹಾಕಿದ್ದರೆ ಹಳೆಯದೂ ಸುಳ್ಳು ಹೇಳುತ್ತದೆ. ಪಾರ್ಟ್ ನಂಬರೂ ಬೇಕು, ಹಳೆಯ ಭಾಗವೂ ಬೇಕು. ಎರಡೂ ಒಂದೇ ಮಾತು ಹೇಳಿದರೆ ಮುಂದುವರಿಯಿರಿ.

ಪ್ಯಾಡ್

ಹೊಸ ಪ್ಯಾಡನ್ನು ಹಳೆಯದರ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಇಡಿ. ಉಕ್ಕಿನ ತಟ್ಟೆಯ ಆಕಾರ, ಎರಡು ತುದಿಗಳ ಕಿವಿ, ಪಿಸ್ಟನ್ ಕೂರುವ ಜಾಗದ ಗುಂಡಿ ಅಥವಾ ಗೂಟ, ಎಲ್ಲವೂ ಒಂದರ ಮೇಲೊಂದು ಕೂರಬೇಕು. ಸಣ್ಣ ಕಾರಿನ ಹೊಸ ಪ್ಯಾಡಿನಲ್ಲಿ ಸವೆಯುವ ಭಾಗ ಸುಮಾರು 9ರಿಂದ 11 ಮಿಲಿಮೀಟರ್, ಹಿಂದಿನ ಉಕ್ಕಿನ ತಟ್ಟೆ ಸುಮಾರು 5 ಮಿಲಿಮೀಟರ್ ಇರುತ್ತದೆ. ನಾಲ್ಕೂ ಪ್ಯಾಡಿನ ದಪ್ಪವನ್ನು ವರ್ನಿಯರಿನಲ್ಲಿ ಅಳೆದು ನೋಡಿ. ಒಂದೇ ಪ್ಯಾಡಿನ ಈ ತುದಿಗೂ ಆ ತುದಿಗೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಿದ್ದರೆ ಬೇಡ.

ಆಮೇಲೆ ಪ್ಯಾಡನ್ನು ಅಡ್ಡ ಹಿಡಿದು, ಉಕ್ಕು ಮತ್ತು ಲೈನಿಂಗ್ (ಸವೆಯುವ ಭಾಗ) ಸೇರುವ ಗೆರೆಯನ್ನು ಬೆಳಕಿಗೆ ಒಡ್ಡಿ ಸುತ್ತಲೂ ನೋಡಿ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಾಕುವ ಮಾತೇ ಇಲ್ಲ. ಘಾಟಿ ಇಳಿಯುವಾಗ ಪ್ಯಾಡ್ ಕಾದು, ತೇವದಲ್ಲಿ ತಣ್ಣಗಾಗಿ, ಮತ್ತೆ ಕಾದು ಆ ಬಿರುಕು ಬೆಳೆಯುತ್ತದೆ. ಕೊನೆಗೆ ಲೈನಿಂಗ್ ಪೂರ್ತಿ ಕಳಚಿ ಬಿದ್ದರೆ ಉಕ್ಕಿನ ತಟ್ಟೆ ನೇರವಾಗಿ ಡಿಸ್ಕಿಗೇ ಉಜ್ಜುತ್ತದೆ. ಲೈನಿಂಗಿನ ಮೂಲೆ ಅಕ್ಕಿಕಾಳಿನಷ್ಟು ಮುಕ್ಕಾಗಿದ್ದರೆ ಅದು ಸಾಗಣೆಯ ಪೆಟ್ಟು, ಕೆಲಸಕ್ಕೆ ಅಡ್ಡಿಯಿಲ್ಲ. ಅಂಚಿನಿಂದ ಉಕ್ಕಿನ ತಟ್ಟೆಯವರೆಗೆ ಇಳಿದ ಬಿರುಕು ಬೇರೆಯೇ ವಿಷಯ. ಲೈನಿಂಗಿನ ನಡುವೆ ಕೊರೆದ ತೋಡು, ಇಳಿಜಾರಾಗಿ ಕತ್ತರಿಸಿದ ಅಂಚು ದೋಷವಲ್ಲ. ಬೂದಿ ಹೊರಹೋಗಲಿ, ಕೀಂಗುಟ್ಟದಿರಲಿ ಎಂದು ಬೇಕೆಂದೇ ಮಾಡಿರುತ್ತಾರೆ.

ಕೆಲವು ಪ್ಯಾಡುಗಳ ಅಂಚಿನಲ್ಲಿ ಎಫ್‌ಎಫ್, ಜಿಜಿ, ಎಫ್‌ಇ ಎಂಬಂಥ ಎರಡು ಅಕ್ಷರ ಅಚ್ಚಾಗಿರುತ್ತದೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿ, ಎರಡನೆಯದು ಚೆನ್ನಾಗಿ ಕಾದಾಗ ಪ್ಯಾಡ್ ಎಷ್ಟು ಹಿಡಿಯುತ್ತದೆ ಎಂಬುದರ ಗುರುತು. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾದರೆ ಆ ಪ್ಯಾಡ್ ಕಾದಂತೆ ಹಿಡಿತ ಕಳೆದುಕೊಳ್ಳುತ್ತದೆ. ಆಗುಂಬೆ, ಚಾರ್ಮಾಡಿ ಇಳಿಯುವವರು ಇದನ್ನು ನೋಡಿ ಕೊಳ್ಳುವುದು ಒಳ್ಳೆಯದು. ಹಾಗಂತ ಅಕ್ಷರ ನೋಡಿ ಗುಣಮಟ್ಟ ಅಳೆಯಲು ಹೋಗಬೇಡಿ. ಅದು ಪ್ರಯೋಗಾಲಯದಲ್ಲಿ ಸಣ್ಣ ತುಂಡೊಂದನ್ನು ಉಜ್ಜಿ ಕೊಟ್ಟ ಗುರುತು. ಪ್ಯಾಡ್ ಎಷ್ಟು ದಿನ ಬಾಳುತ್ತದೆ, ಸದ್ದು ಮಾಡುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಯುರೋಪಿನ ಆರ್-90 ಮಾನ್ಯತೆಯ ಗುರುತಿದ್ದರೆ, ಆ ಪ್ಯಾಡನ್ನು ಮೂಲ ಪ್ಯಾಡಿನ ಹಿಡಿತಕ್ಕೆ ಹೋಲಿಸಿ ಪರೀಕ್ಷಿಸಿದ್ದಾರೆ ಎಂದರ್ಥ.

ಈಗ ಗ್ಯಾರೇಜುಗಳಲ್ಲಿ ಅತಿ ಹೆಚ್ಚು ತಪ್ಪಿಹೋಗುವ ಪರೀಕ್ಷೆ. ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನ ಬ್ರಾಕೆಟ್ಟಿನಲ್ಲಿ ಹೊಸ ಕ್ಲಿಪ್ ಕೂರಿಸಿ, ಪ್ಯಾಡನ್ನು ಬರಿಗೈಯಲ್ಲಿ ಅದರೊಳಗೆ ಜಾರಿಸಿ. ಎರಡು ಬೆರಳಿನ ಒತ್ತಡಕ್ಕೆ ಹಿಂದೆ ಮುಂದೆ ಸರಾಗವಾಗಿ ಓಡಾಡಬೇಕು. ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಕಾದ ಪ್ಯಾಡ್ ಬ್ರೇಕ್ ಬಿಟ್ಟ ಮೇಲೆ ಹಿಂದಕ್ಕೆ ಬರುವುದಿಲ್ಲ. ಡಿಸ್ಕಿಗೆ ಅಂಟಿಕೊಂಡೇ ಇರುತ್ತದೆ, ಚಕ್ರ ಕಾಯುತ್ತದೆ, ಮೈಲೇಜ್ ಇಳಿಯುತ್ತದೆ, ಪ್ಯಾಡ್ ಓರೆಯಾಗಿ ಸವೆಯುತ್ತದೆ. ಬಿಗಿಗೆ ಕಾರಣ ಎರಡರಲ್ಲಿ ಒಂದು. ಕ್ಲಿಪ್ಪಿನ ಕೆಳಗೆ ಬ್ರಾಕೆಟ್ ತುಕ್ಕು ಹಿಡಿದು ಉಬ್ಬಿ ಕ್ಲಿಪ್ಪನ್ನು ಮೇಲಕ್ಕೆತ್ತಿರಬಹುದು. ಹಾಗಿದ್ದರೆ ಕ್ಲಿಪ್ ತೆಗೆದು, ತಂತಿ ಬ್ರಷ್ಷು ಮತ್ತು ಅರದಿಂದ ಬ್ರಾಕೆಟ್ಟನ್ನು ಬರಿ ಲೋಹದವರೆಗೆ ಉಜ್ಜಿ. ಅಥವಾ ಪ್ಯಾಡಿನ ಕಿವಿಯ ಮೇಲೆ ಬಣ್ಣ ದಪ್ಪವಾಗಿ ಕೂತಿರಬಹುದು. ಆಗ ಕಿವಿಯ ಬಣ್ಣವನ್ನಷ್ಟೇ ಅರದಲ್ಲಿ ತೆಗೆಯಿರಿ. ಬಣ್ಣ ಹೋದರೂ ಬಿಗಿಯಾಗಿದ್ದರೆ ಉಕ್ಕನ್ನು ಅರೆಯುತ್ತಾ ಕೂರಬೇಡಿ, ಅದು ನಿಮ್ಮ ಗಾಡಿಯ ಪ್ಯಾಡಲ್ಲ. ಇದಕ್ಕೆ ವಿರುದ್ಧವಾಗಿ ಕಿವಿ ಲೊಡಲೊಡ ಎನ್ನುವಷ್ಟು ಸಡಿಲವಿದ್ದರೆ ಪ್ರತಿ ಸಲ ಬ್ರೇಕ್ ಹಾಕಿದಾಗಲೂ ಟಕ್ ಎಂಬ ಸದ್ದು ಬರುತ್ತದೆ.

ಸವೆತದ ಎಚ್ಚರಿಕೆ ಕೊಡುವ ತಗಡಿನ ನಾಲಗೆ ಯಾವ ಪ್ಯಾಡಿನಲ್ಲಿದೆ, ಯಾವ ತುದಿಗಿದೆ ಎಂದು ಹಳೆಯದನ್ನು ಬಿಚ್ಚುವಾಗಲೇ ಫೋಟೊ ತೆಗೆದಿಡಿ. ತುಂಬಾ ಕಾರುಗಳಲ್ಲಿ ಅದು ಪಿಸ್ಟನ್ ಕಡೆಯ, ಅಂದರೆ ಒಳಗಿನ ಪ್ಯಾಡಿನಲ್ಲಿರುತ್ತದೆ. ಹೊಸ ಪ್ಯಾಡಿನ ಬೆನ್ನಿಗೆ ಶಿಮ್ (ತೆಳು ತಗಡು) ಅಂಟಿಸಿಯೇ ಬಂದಿದ್ದರೆ ಹಳೆಯ ಶಿಮ್ಮನ್ನು ಮತ್ತೆ ಅದರ ಮೇಲೆ ಹಾಕಬೇಡಿ.

ಡಿಸ್ಕ್

ಹೊಸ ಡಿಸ್ಕನ್ನು ಹಳೆಯದರ ಪಕ್ಕ ಮಗುಚಿಟ್ಟು ಮೊದಲು ಅಳೆಯಬೇಕಾದ್ದು ಅಗಲವನ್ನಲ್ಲ, ಟೋಪಿಯ ಎತ್ತರವನ್ನು. ಹಬ್ಬಿಗೆ (ಚಕ್ರವನ್ನು ಹೊತ್ತು ತಿರುಗುವ ಹಬ್ ಎಂಬ ಭಾಗಕ್ಕೆ) ಕೂರುವ ನಡುಭಾಗ ಉಜ್ಜುವ ಮೇಲ್ಮೈಯಿಂದ ಎಷ್ಟು ಎತ್ತರದಲ್ಲಿದೆ ಎಂಬುದರಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸವಾದರೂ ಡಿಸ್ಕ್ ಬ್ರಾಕೆಟ್ಟಿನ ನಡುವೆ ನಿಲ್ಲುವುದಿಲ್ಲ. ಆಮೇಲೆ ಹೊರವ್ಯಾಸ, ನಡುವಿನ ತೂತು, ಬೋಲ್ಟು ತೂತುಗಳ ಸುತ್ತು. ನಡುವಿನ ತೂತು ಹಬ್ಬಿನ ಮೇಲೆ ಆಟವಿಲ್ಲದೆ, ತಟ್ಟದೆಯೇ ಕೂರಬೇಕು.

ಡಿಸ್ಕಿನ ಟೋಪಿಯಲ್ಲೋ ಅಂಚಿನಲ್ಲೋ ಮಿನ್ ಟಿಎಚ್ ಎಂದು ಬರೆದು ಪಕ್ಕದಲ್ಲಿ ಒಂದು ಅಂಕಿ ಕೆತ್ತಿರುತ್ತಾರೆ. ಡಿಸ್ಕ್ ಸವೆದು ಅಷ್ಟಕ್ಕೆ ಇಳಿದರೆ ಬದಲಿಸಲೇಬೇಕು ಎಂದರ್ಥ. ಹೊಸದು 22 ಮಿಲಿಮೀಟರ್ ಇದ್ದರೆ ಈ ಅಂಕಿ ಸಾಮಾನ್ಯವಾಗಿ 20ರ ಆಸುಪಾಸಿನಲ್ಲಿರುತ್ತದೆ. ಈ ಗುರುತೇ ಇಲ್ಲದ ಡಿಸ್ಕನ್ನು ಕೊಳ್ಳದಿರುವುದೇ ಮೇಲು. ಅಂಚಿನಲ್ಲಿ ಒಂದು ಕಡೆ ಮಿಲ್ಲಿಂಗ್ ಯಂತ್ರ ಕಡಿದ ಹಾಗೆ ಗುರುತು ಕಂಡರೆ ಗಾಬರಿ ಬೇಡ, ಅದು ತೂಕ ಸಮ ಮಾಡಲು ತೆಗೆದ ಕಚ್ಚು. ಎರಡು ತಟ್ಟೆಗಳ ನಡುವಿನ ಗಾಳಿಯ ಕಂಡಿಗಳೊಳಗೆ ಟಾರ್ಚ್ ಬಿಟ್ಟು ನೋಡಿ. ಎರಕದ ಮರಳು ಸಿಕ್ಕಿಕೊಂಡು ಕಂಡಿ ಮುಚ್ಚಿದ್ದರೆ, ಅಥವಾ ಎರಡು ತಟ್ಟೆಗಳ ದಪ್ಪ ಎದ್ದು ಕಾಣುವಷ್ಟು ಬೇರೆಯಾಗಿದ್ದರೆ ಒಳಗಿನ ಅಚ್ಚು ಸರಿದಿದೆ. ಅಂಥ ಡಿಸ್ಕ್ ಕಾದಾಗ ಸಮನಾಗಿ ಹಿಗ್ಗುವುದಿಲ್ಲ.

ದಪ್ಪವನ್ನು ಮೈಕ್ರೋಮೀಟರಿನಲ್ಲಿ, ಹೊರ ಅಂಚಿನಿಂದ 10 ಮಿಲಿಮೀಟರ್ ಒಳಗೆ, ಸುತ್ತಲೂ 8 ಕಡೆ ಅಳೆಯಿರಿ. ಹೊಸ ಡಿಸ್ಕಿನಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ 0.01ರಿಂದ 0.02 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಬಾರದು.

ಇನ್ನು ಓಲಾಟ. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ “ಹೊಸ ಡಿಸ್ಕ್ ಆರು ತಿಂಗಳಿಗೇ ಬೆಂಡಾಯಿತು” ಎಂಬ ದೂರಿನ ಬೇರು ಹೆಚ್ಚಾಗಿ ಇಲ್ಲಿರುತ್ತದೆ. ಡಿಸ್ಕ್ ತಿರುಗುವಾಗ ಅಕ್ಕಪಕ್ಕಕ್ಕೆ ತುಸು ಓಲಾಡಿದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಕ್ಯಾಲಿಪರ್ ತಾನೂ ಜೊತೆಗೆ ಸರಿದುಕೊಳ್ಳುತ್ತದೆ. ಆದರೆ ಬ್ರೇಕ್ ಒತ್ತದೆ ಹೈವೇಯಲ್ಲಿ ಓಡುವಾಗಲೂ ಡಿಸ್ಕಿನ ಅದೇ ಉಬ್ಬು ಪ್ರತಿ ಸುತ್ತಿಗೂ ಪ್ಯಾಡನ್ನು ಸವರಿ ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಸವರಿ ಆ ಜಾಗ ತೆಳುವಾಗುತ್ತದೆ. ಆಗ ಒಂದೇ ಡಿಸ್ಕಿನಲ್ಲಿ ದಪ್ಪ ಭಾಗ, ತೆಳು ಭಾಗ ಎರಡೂ ಆದವು. ಬ್ರೇಕ್ ಒತ್ತಿದರೆ ಪಿಸ್ಟನ್ ಒಳಗೆ ಹೊರಗೆ ಆಡಿ ಪೆಡಲ್ ಕಾಲಿಗೆ ಒದೆಯುತ್ತದೆ, ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬಾಗಿಲ್ಲ, ಒಂದು ಕಡೆ ಸವೆದಿದೆ. ಆ ಸವೆತ ಶುರುವಾದದ್ದು ಅದನ್ನು ಕೂರಿಸಿದ ದಿನ.

ಓಲಾಟದ ಮೂಲ ಹೆಚ್ಚಾಗಿ ಡಿಸ್ಕಿನಲ್ಲಿರುವುದಿಲ್ಲ, ಹಬ್ಬಿನ ಮುಖದ ಮೇಲಿನ ತುಕ್ಕಿನಲ್ಲಿರುತ್ತದೆ. ಲೆಕ್ಕ ಹಾಕಿ ನೋಡಿ. ಹಬ್ಬಿನ ಮುಖ 130 ಮಿಲಿಮೀಟರ್ ಅಗಲ, ಅದರ ಒಂದು ಅಂಚಿನಲ್ಲಿ 0.05 ಮಿಲಿಮೀಟರಿನ ತುಕ್ಕಿನ ಹಕ್ಕಳೆ. ಡಿಸ್ಕಿನ ಮೇಲೆ 230 ಮಿಲಿಮೀಟರ್ ವ್ಯಾಸದ ಸುತ್ತಿನಲ್ಲಿ ಅಳೆದರೆ ಅದೇ ಓರೆ ಸುಮಾರು 0.09 ಮಿಲಿಮೀಟರ್ ಆಗಿ ಕಾಣುತ್ತದೆ. ಎಷ್ಟೋ ಕಾರುಗಳ ಮ್ಯಾನ್ಯುಯಲ್ಲಿನಲ್ಲಿ ಮಿತಿ 0.05ರಿಂದ 0.10 ಮಿಲಿಮೀಟರ್. ಕಾಗದದಷ್ಟೂ ದಪ್ಪವಿಲ್ಲದ ತುಕ್ಕು ಹೊಸ ಡಿಸ್ಕಿನ ಬೆಲೆಯನ್ನು ನೀರುಪಾಲು ಮಾಡಲು ಇಷ್ಟು ಸಾಕು. ಅದಕ್ಕೇ ಹಬ್ಬಿನ ಮುಖವನ್ನು, ಸ್ಟಡ್ಡುಗಳ ಬುಡದ ಸುತ್ತಲನ್ನೂ ಬಿಡದೆ, ಎಮೆರಿಯಲ್ಲಿ ಉಜ್ಜಿ ಹೊಳೆಯುವಂತೆ ಮಾಡಿ.

ಅಳೆಯುವ ಕ್ರಮ: ಬೇರಿಂಗಿನಲ್ಲಿ ಆಟವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಡಿಸ್ಕ್ ಏರಿಸಿ, ವಾಶರ್ ಕೊಟ್ಟು ಎಲ್ಲ ವೀಲ್ ನಟ್‌ಗಳನ್ನು ಎದುರುಬದುರಾಗಿ ಸಮನಾಗಿ ಬಿಗಿಯಿರಿ. ಸಣ್ಣ ಓಲಾಟವನ್ನೂ ಅಳೆದು ತೋರಿಸುವ ಡಯಲ್ ಗೇಜಿನ ಬುಡವನ್ನು ಅಲುಗಾಡದ ಜಾಗಕ್ಕೆ ಕಚ್ಚಿಸಿ, ಮುಳ್ಳನ್ನು ಅಂಚಿನಿಂದ 10 ಮಿಲಿಮೀಟರ್ ಒಳಗೆ ನೇರವಾಗಿ ತಾಗಿಸಿ, ಡಿಸ್ಕನ್ನು ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಮಿತಿ ಮೀರಿದರೆ ನಟ್ ಬಿಚ್ಚಿ ಡಿಸ್ಕನ್ನು ಒಂದು ಬೋಲ್ಟು ತೂತಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಿರಿ. ನಾಲ್ಕು ಬೋಲ್ಟಿನ ಹಬ್ಬಾದರೆ ನಾಲ್ಕು ಅವಕಾಶ. ಡಿಸ್ಕಿನ ಓರೆಗೂ ಹಬ್ಬಿನ ಓರೆಗೂ ಹೊಂದಿ ಒಂದನ್ನೊಂದು ಕಳೆಯುವ ಜಾಗ ಒಂದು ಸಿಗಬಹುದು. ಯಾವ ಜಾಗದಲ್ಲೂ ಸರಿಹೋಗದಿದ್ದರೆ ಡಿಸ್ಕ್ ತೆಗೆದು ಹಬ್ಬನ್ನೇ ಅಳೆಯಿರಿ. ಗೇಜ್ ಇಲ್ಲದವರು ಹತ್ತಿರದ ಲೇತ್ ಅಂಗಡಿಯಲ್ಲಿ ಕೇಳಿ, ಸಿಗುತ್ತದೆ. ಕಣ್ಣಳತೆಗೆ 0.05 ಮಿಲಿಮೀಟರ್ ಸಿಗುವುದಿಲ್ಲ.

ಕೊನೆಯದಾಗಿ ಡಿಸ್ಕಿನ ಮೇಲಿನ ಎಣ್ಣೆ. ತುಕ್ಕು ಹಿಡಿಯದಿರಲಿ ಎಂದು ಕಾರ್ಖಾನೆಯಲ್ಲಿ ಸವರಿರುತ್ತಾರೆ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಬಿಳಿ ಬಟ್ಟೆಯಲ್ಲಿ ಕಲೆ ಬರದಾಗುವವರೆಗೆ ಒರೆಸಿ. ಕ್ಲೀನರ್ ಇಲ್ಲದಿದ್ದರೆ ಪಾತ್ರೆ ತೊಳೆಯುವ ಸೋಪು ಮತ್ತು ಬಿಸಿನೀರು ಸಾಕು, ತೊಳೆದ ಕೂಡಲೇ ಒಣಗಿಸಬೇಕು ಅಷ್ಟೇ. ಸೀಮೆಎಣ್ಣೆ, ಡೀಸೆಲ್ ಬೇಡ. ಅವು ಒಂದು ಎಣ್ಣೆ ತೆಗೆದು ಇನ್ನೊಂದನ್ನು ಬಿಟ್ಟುಹೋಗುತ್ತವೆ. ಎಣ್ಣೆಯುಳಿದ ಡಿಸ್ಕಿಗೆ ಹೊಸ ಪ್ಯಾಡ್ ಉಜ್ಜಿದರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ. ಹೀರಿದ ಮೇಲೆ ಪ್ಯಾಡನ್ನು ತೊಳೆದು ಸರಿ ಮಾಡಲಾಗದು. ಗ್ರೀಸು ಮೆತ್ತಿದ ಕೈಯಲ್ಲಿ ಪ್ಯಾಡಿನ ಮುಖ ಮುಟ್ಟಬಾರದೆನ್ನುವುದೂ ಇದಕ್ಕೇ.

ಹಿಂದಿನ ಡ್ರಮ್ಮು, ಶೂ, ವೀಲ್ ಸಿಲಿಂಡರ್

ಹೊಸ ಶೂವನ್ನು ಹೊಸ ಡ್ರಮ್ಮಿನೊಳಗೆ ಕೈಯಲ್ಲೇ ಒತ್ತಿ ಹಿಡಿದು ಅತ್ತಿತ್ತ ಹೊರಳಿಸಿ ನೋಡಿ. ಲೈನಿಂಗಿನ ನಡುಭಾಗ ತಾಗಿ, ಎರಡು ತುದಿಗಳಲ್ಲಿ ಕಾಗದ ತೂರುವಷ್ಟು ಸಂದಿದ್ದರೆ ಸರಿ. ಅದರ ಬದಲು ತುದಿಗಳು ಮಾತ್ರ ತಾಗಿ ನಡುವೆ ಬೆಳಕು ಕಂಡರೆ ಶೂವಿನ ಬಾಗು ತಪ್ಪಿದೆ. ಅಂಥ ಶೂ ತುದಿಯಲ್ಲಿ ಕಚ್ಚಿ ಹಿಡಿಯುತ್ತದೆ, ಕೀರಲು ಸದ್ದು ಮಾಡುತ್ತದೆ, ಹ್ಯಾಂಡ್‌ಬ್ರೇಕ್ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿದ್ದರೆ ರಿವೆಟ್ಟಿನ ತಲೆಗಳೆಲ್ಲ ಮೇಲ್ಮೈಯಿಂದ ಸಾಕಷ್ಟು ಕೆಳಗಿರಬೇಕು. ಹ್ಯಾಂಡ್‌ಬ್ರೇಕಿನ ಲಿವರ್ ಶೂವಿನ ಜೊತೆಗೇ ಬಂದಿದೆಯೋ, ಹಳೆಯದರಿಂದ ಬಿಚ್ಚಿ ಹಾಕಬೇಕೋ ನೋಡಿಕೊಳ್ಳಿ. ಬಿಚ್ಚಿ ಹಾಕುವುದಾದರೆ ಕ್ಲಿಪ್ ಹೊಸದಿರಲಿ. ಅಡ್ಜಸ್ಟರಿನ ಮರೆ (ಥ್ರೆಡ್) ಎಡಕ್ಕೊಂದು ದಿಕ್ಕು, ಬಲಕ್ಕೊಂದು ದಿಕ್ಕು ಇರುತ್ತದೆ. ಅದಲುಬದಲಾದರೆ ಲೈನಿಂಗ್ ಸವೆದಂತೆ ಶೂ ತಾನಾಗಿ ಡ್ರಮ್ಮಿನ ಹತ್ತಿರ ಸರಿಯುವ ಬದಲು ದೂರ ಹೋಗುತ್ತದೆ, ಪೆಡಲ್ ದಿನೇದಿನೇ ಕೆಳಗಿಳಿಯುತ್ತದೆ.

ಆಯಿಲಿನ ಒತ್ತಡದಿಂದ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನಲ್ಲಿ ಮೋಸ ಹೋಗುವುದು ಸುಲಭ. ಹೊರಮೈ ಒಂದೇ, ಬೋಲ್ಟು ತೂತು ಒಂದೇ, ಒಳಗಿನ ವ್ಯಾಸ ಮಾತ್ರ ಬೇರೆ. 17.46 ಮಿಲಿಮೀಟರಿನದು ಇರಬೇಕಾದ ಕಡೆ 19.05 ಮಿಲಿಮೀಟರಿನದು ಆರಾಮಾಗಿ ಕೂರುತ್ತದೆ. ವ್ಯತ್ಯಾಸ ಒಂದೂವರೆ ಮಿಲಿಮೀಟರೆಂದು ಕಂಡರೂ ಪಿಸ್ಟನ್ನಿನ ತಳಹರವು ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಅಂದರೆ ಸುಮಾರು ನೂರಕ್ಕೆ 19ರಷ್ಟು ಹೆಚ್ಚು. ಪೆಡಲ್ ಅಷ್ಟೇ ಒತ್ತಿದರೂ ಆ ಚಕ್ರ ನೂರಕ್ಕೆ 19ರಷ್ಟು ಜೋರಾಗಿ ಹಿಡಿಯುತ್ತದೆ. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಹಿಂದಿನ ಒಂದು ಚಕ್ರ ಮೊದಲು ಲಾಕ್ ಆದರೆ ಗಾಡಿಯ ಹಿಂಬದಿ ಪಕ್ಕಕ್ಕೆ ಜಾರುತ್ತದೆ. ಸಿಲಿಂಡರಿನ ಮೈಮೇಲಿನ ಅಂಕಿಯನ್ನು ಹಳೆಯದಕ್ಕೆ ಹೋಲಿಸಿ, ರಬ್ಬರ್ ಬೂಟ್ ಮೆಲ್ಲಗೆ ಸರಿಸಿ ಪಿಸ್ಟನ್ನಿನ ವ್ಯಾಸ ಅಳೆಯಿರಿ, ಬೆರಳಲ್ಲಿ ಒತ್ತಿದರೆ ಪಿಸ್ಟನ್ ಒಳಹೋಗಿ ಸ್ಪ್ರಿಂಗಿನಿಂದ ತಾನೇ ಮರಳುತ್ತದೋ ನೋಡಿ. ಬೂಟಿನೊಳಗೆ ತುಕ್ಕಿನ ಚುಕ್ಕೆ ಕಂಡರೆ ಬೇಡ. ಒಂದು ಕಡೆಯದು ಸೋರಿದರೂ ಎರಡೂ ಕಡೆ ಒಂದೇ ಕಂಪನಿಯದನ್ನು ಹಾಕುವುದು ವಾಡಿಕೆ, ಅದು ಒಳ್ಳೆಯ ವಾಡಿಕೆ.

ಎಬಿಎಸ್ ಇರುವ ಗಾಡಿಯ ಹಿಂದಿನ ಡ್ರಮ್ಮಿಗೋ ಡಿಸ್ಕಿಗೋ ಹಲ್ಲಿನ ಉಂಗುರ ಕೂರಿಸಿದ್ದರೆ ಹಳೆಯದರ ಮತ್ತು ಹೊಸದರ ಹಲ್ಲು ಎಣಿಸಿ. ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಆ ಚಕ್ರದ ವೇಗ ತಪ್ಪಾಗಿ ಓದುತ್ತದೆ.

ಕ್ಯಾಲಿಪರ್, ಹೋಸ್, ಆಯಿಲ್

ಕ್ಯಾಲಿಪರ್ ಬದಲಿಸುವುದಾದರೆ ಗಾಡಿಯಲ್ಲಿ ಕೂರುವ ಹಾಗೆಯೇ ಕೈಯಲ್ಲಿ ಹಿಡಿದು ನೋಡಿ: ಗಾಳಿ ಬಿಡುವ ನಿಪ್ಪಲ್ ಮೇಲ್ತುದಿಯಲ್ಲಿರಬೇಕು. ಎಡ ಬಲ ಅದಲುಬದಲಾದರೆ ಎಷ್ಟೋ ಕ್ಯಾಲಿಪರುಗಳು ಸಲೀಸಾಗಿ ಕೂರುತ್ತವೆ, ನಿಪ್ಪಲ್ ಮಾತ್ರ ಕೆಳಗೆ ಬರುತ್ತದೆ. ಗಾಳಿ ಮೇಲೆ ನಿಲ್ಲುತ್ತದೆ, ಎರಡು ಲೀಟರ್ ಆಯಿಲ್ ಹರಿಸಿದರೂ ಪೆಡಲ್ ಸ್ಪಂಜಿನ ಹಾಗೇ ಇರುತ್ತದೆ. ಕ್ಯಾಲಿಪರ್ ಜಾರಲು ಇರುವ ಗೈಡ್ ಪಿನ್ನುಗಳಲ್ಲಿ ಒಂದರ ತುದಿಗೆ ರಬ್ಬರ್ ತೋಳೋ ಚಪ್ಪಟೆ ಕಡಿತವೋ ಇದ್ದರೆ ಅದು ಮೇಲಿನದೋ ಕೆಳಗಿನದೋ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಅವಕ್ಕೆ ಸಿಲಿಕಾನ್ ಗ್ರೀಸೇ ಬೇಕು. ಚಾಸಿಗೆ ಹಾಕುವ ಮಾಮೂಲಿ ಗ್ರೀಸು ತಾಗಿದರೆ ರಬ್ಬರ್ ಉಬ್ಬಿ ಪಿನ್ ಕಚ್ಚಿಕೊಳ್ಳುತ್ತದೆ.

ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸಿನ ಒಂದು ತುದಿಯಿಂದ ಊದಿ, ಇನ್ನೊಂದು ತುದಿಗೆ ಗಾಳಿ ತಡೆಯಿಲ್ಲದೆ ಬರಬೇಕು. ಮೈಮೇಲೆ ತಯಾರಿಕೆಯ ದಿನಾಂಕ ಅಚ್ಚಾಗಿದೆಯೇ ನೋಡಿ, ಬಗ್ಗಿಸಿದಾಗ ನವಿರಾದ ಬಿರುಕು ತೆರೆದುಕೊಂಡರೆ ಅದು ವರ್ಷಗಟ್ಟಲೆ ಕಪಾಟಿನಲ್ಲಿ ಒಣಗಿದ ಮಾಲು. ಉದ್ದಕ್ಕೂ ಇರುವ ಗೆರೆ ಅಂದಕ್ಕಲ್ಲ. ಕೂರಿಸಿದ ಮೇಲೆ ಆ ಗೆರೆ ಸುತ್ತಿಕೊಂಡು ಕಂಡರೆ ಹೋಸ್ ತಿರುಚಿಕೊಂಡಿದೆ. ಮರೆಯ ಬಗ್ಗೆ ಒಂದು ಮಾತು: ಎಂ10 (10 ಮಿಲಿಮೀಟರಿನ) ಮರೆಗೂ ಎಂಟನೇ ಮೂರು ಇಂಚಿನ ಹಳೆಯ ಮರೆಗೂ ವ್ಯಾಸದಲ್ಲಿ ಅರ್ಧ ಮಿಲಿಮೀಟರೂ ವ್ಯತ್ಯಾಸವಿಲ್ಲ. ಇಂಚಿನ ನಟ್ ಎಂ10 ತೂತಿನಲ್ಲಿ ಸಡಿಲವಾಗಿ ಏರುತ್ತದೆ, ಬಿಗಿಯುವಾಗ ಮರೆ ಕಿತ್ತುಬರುತ್ತದೆ. ಕೈಯಲ್ಲೇ ಪೂರ್ತಿ ತಿರುಗಿಸಿ ನೋಡಿ, ಲೊಡಲೊಡ ಎಂದರೆ ನಿಲ್ಲಿಸಿ. ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಬೋಲ್ಟಿನಲ್ಲಿ, ಹೋಸಿನ ತುದಿಯ ಎರಡೂ ಕಡೆಯ ತಾಮ್ರದ ವಾಶರ್ ಪ್ರತಿ ಸಲವೂ ಹೊಸದಿರಲಿ.

ಬ್ರೇಕ್ ಆಯಿಲ್ ಮುಚ್ಚಳದ ಕೆಳಗಿನ ಸೀಲ್ ಒಡೆಯದ ಡಬ್ಬಿಯನ್ನೇ ತನ್ನಿ, ಬೇಕಾದಷ್ಟೇ ಅಳತೆಯದನ್ನು. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರಿನಂಶ ಹೀರಿದ ಮೇಲಿನ ಮಿತಿ 155. ಡಾಟ್ 3ಕ್ಕೆ ಇವೇ 205 ಮತ್ತು 140. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಹೋದ ವರ್ಷ ಉಳಿದ ಅರ್ಧ ಡಬ್ಬಿಯನ್ನು ಹೊಸ ಸಿಲಿಂಡರಿಗೆ ಹುಯ್ಯಬೇಡಿ.

ಎಲ್ಲ ಕೂರಿಸಿದ ಮೇಲೆ ಗಾಡಿ ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಬಿಡಿ; ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿಗೆ ಬಂದು ತಾಗಲು ಮೊದಲ ಕೆಲವು ಒತ್ತು ಖರ್ಚಾಗುತ್ತವೆ. ಜಾಕಿಯ ಮೇಲಿರುವಾಗಲೇ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಎಲ್ಲಿಗೂ ತಾಗುತ್ತಿಲ್ಲ, ಸೆಳೆದು ನಿಂತಿಲ್ಲ ಎಂದು ನೋಡಿ. ಹತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ ಬಂದು ನಾಲ್ಕೂ ಚಕ್ರದ ಬಳಿ ಅಂಗೈ ಹಿಡಿಯಿರಿ, ಡಿಸ್ಕ್ ಮುಟ್ಟಬೇಡಿ. ಮುಂದಿನ ಎರಡೂ ಒಂದೇ ಹದ, ಹಿಂದಿನ ಎರಡೂ ಒಂದೇ ಹದ ಬಿಸಿ ಇರಬೇಕು. ಒಂದು ಮಾತ್ರ ಕೆಂಡದ ಹಾಗೆ ಕಾದಿದ್ದರೆ ಆ ಚಕ್ರ ಮತ್ತೆ ಬಿಚ್ಚಿ, ಪ್ಯಾಡಿನ ಕಿವಿಯಿಂದ ಶುರು ಮಾಡಿ.